ಹಿಂದಿನ ಶಾಕ್ ಬದಲಾಯಿಸುವ ಮುನ್ನ ‘ಪೂರ್ತಿ ಅದುಮಿದಾಗ ಉದ್ದ ಎಷ್ಟು?’ ಎಂದು ಕೇಳಿ

ಕ್ರೂಸರ್ ಬೈಕಿಗೆ ಹಿಂದಿನ ಚಕ್ರದ ಹೊಸ ಶಾಕ್ (ಶಾಕ್ ಅಬ್ಸಾರ್ಬರ್) ಹಾಕಿಸಬೇಕು ಅಂದುಕೊಂಡಿರುವವರು, ಅದರಲ್ಲೂ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಘಾಟಿ ಹತ್ತಿ ಇಳಿಯುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ‘ಎಲ್ಲ ಗಾಡಿಗೂ ಕೂರುತ್ತೆ’ ಎಂದು ಹೇಳಿ ನನ್ನ ಬೈಕಿಗೆ ಹಾಕಿಕೊಟ್ಟ ಒಂದು ಜೊತೆ ಶಾಕ್‌ನಿಂದ ಚಾರ್ಮಾಡಿ ಘಾಟಿಯಲ್ಲಿ ಹಿಂದಿನ ಟೈರು ಮಡ್‌ಗಾರ್ಡಿಗೆ ಉಜ್ಜಿ, ಟೈಲ್ ಲೈಟಿನ ವೈರು ತುಂಡಾಯಿತು. ಹಿಂದೆ ಹೆಂಡತಿ ಕೂತಿದ್ದಳು. ಮಂಜು ಕವಿದ ತಿರುವುಗಳಲ್ಲಿ ನಮ್ಮ ಬ್ರೇಕ್ ಲೈಟ್ ಹಿಂದಿನ ವಾಹನಗಳಿಗೆ ಕಾಣುತ್ತಲೇ ಇರಲಿಲ್ಲ. ಇಬ್ಬರಿಗೂ ಪೆಟ್ಟಾಗಲಿಲ್ಲ. ಆದರೆ ಅದೇ ಬಗೆಯ ಶಾಕ್ ಈಗಲೂ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ, ಅದನ್ನು ಹಾಕಿಸಿಕೊಂಡವರು ಸಂಸಾರ ಸಮೇತ ಓಡಾಡುತ್ತಿದ್ದಾರೆ.

ನನ್ನದು ರಾಯಲ್ ಎನ್‌ಫೀಲ್ಡ್ ಸೂಪರ್ ಮೆಟಿಯರ್ 650. ಬೈಕಿನ ಮೇಲೆ ನನಗೆ ದೂರಿಲ್ಲ. ಸೀಟು ನೆಲದಿಂದ 740 ಮಿ.ಮೀ. ಎತ್ತರದಲ್ಲಿದೆ. ಅಷ್ಟು ತಗ್ಗಿನಲ್ಲಿ ಕೂರಬೇಕೆಂದರೆ ಹಿಂದಿನ ಚಕ್ರ ಮೇಲೆ ಕೆಳಗೆ ಆಡುವ ಜಾಗ ಕಡಿಮೆಯಾಗಲೇಬೇಕು, ಅದು ಕ್ರೂಸರ್ ಅನ್ನುವ ವಿನ್ಯಾಸದ ಗುಣ. ಈ ಗಾಡಿಯಲ್ಲಿ ಮುಂದಿನ ಚಕ್ರಕ್ಕೆ 120 ಮಿ.ಮೀ. ಆಟವಿದ್ದರೆ ಹಿಂದಿನದಕ್ಕೆ 101 ಮಿ.ಮೀ. ಮಾತ್ರ. ಮೇಲಾಗಿ ಕಾಲು ಮುಂದೆ ಚಾಚಿ ಕೂರುತ್ತೇವೆ, ಗುಂಡಿ ಬಂದಾಗ ಕಾಲಿಡುವ ಪೆಗ್ ಮೇಲೆ ನಿಂತು ಹಗುರಾಗಲು ಆಗುವುದಿಲ್ಲ, ಪೆಟ್ಟು ನೇರವಾಗಿ ಬೆನ್ನುಮೂಳೆಗೆ ಬೀಳುತ್ತದೆ. ಹೆಂಡತಿಗೆ ಸೊಂಟನೋವು ಶುರುವಾದಾಗ ಒಳ್ಳೆಯ ಶಾಕ್ ಹಾಕಿಸೋಣ ಎಂದು ಹೊರಟೆವು. ಈಗಲೂ ಅದು ಸರಿಯಾದ ಯೋಚನೆಯೇ. ಒಳ್ಳೆಯ ಶಾಕ್‌ನಿಂದ ಗಾಡಿಯ ನಡೆ ನಿಜಕ್ಕೂ ಸುಧಾರಿಸುತ್ತದೆ.

ಬೆಂಗಳೂರಿನ ಆ ಅಂಗಡಿಯಲ್ಲಿ ನಮ್ಮಿಬ್ಬರ ತೂಕ ಹೇಳಿದೆ, ನಾನು 82 ಕೆ.ಜಿ., ಅವಳು 64. ಜೊತೆಗೆ ಎರಡು ಬ್ಯಾಗು. ಗಾಡಿಯೇ 241 ಕೆ.ಜಿ., ಎಲ್ಲ ಸೇರಿದರೆ ಸುಮಾರು 400 ಕೆ.ಜಿ. ಎಂದೂ ಹೇಳಿದೆ. ‘ಏನೂ ಯೋಚ್ನೆ ಮಾಡ್ಬೇಡಿ ಸಾರ್, ಗ್ಯಾಸ್ ಶಾಕು, ಪ್ರಿಲೋಡ್ ಟೈಟ್ ಮಾಡ್ಕೊಟ್ರೆ ಎಷ್ಟು ತೂಕ ಆದ್ರೂ ತಡ್ಕೊಳುತ್ತೆ’ ಎಂದರು. ಈ ಒಂದು ಮಾತೇ ಸುಳ್ಳು. ಪ್ರಿಲೋಡ್ ಅಂದರೆ ಸ್ಪ್ರಿಂಗನ್ನು ಮೊದಲೇ ಒಂದಿಷ್ಟು ಅದುಮಿಡುವುದು. ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಾಡಿಯ ಹಿಂಭಾಗ ಮೇಲೇಳುತ್ತದೆ ಅಷ್ಟೇ. ಒಂದು ಮಿ.ಮೀ. ಅದುಮಲು ಎಷ್ಟು ಬಲ ಬೇಕು ಅನ್ನುವುದು ಸ್ಪ್ರಿಂಗಿನ ತಂತಿಯ ದಪ್ಪ, ಸುತ್ತುಗಳ ಅಗಲ ಮತ್ತು ಸಂಖ್ಯೆಯಿಂದ ತೀರ್ಮಾನವಾಗಿರುತ್ತದೆ. ಮೆದು ಸ್ಪ್ರಿಂಗನ್ನು ಎಷ್ಟು ಬಿಗಿದರೂ ಅದು ಮೆದು ಸ್ಪ್ರಿಂಗೇ. ಯಾವ ಅಂಗಡಿಯವರಾದರೂ ನಿಮಗೆ ಈ ಮಾತು ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಾಕಿಸಿಕೊಂಡು ಮನೆಗೆ ಬರುವಾಗ ಊರೊಳಗಿನ ಹಂಪುಗಳ ಮೇಲೆ ಗಾಡಿ ಹಾಯಾಗಿತ್ತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ನಂಬುವುದು ಈ ಮೊದಲ ಸವಾರಿಯನ್ನೇ. ಒಬ್ಬರೇ ನಿಧಾನವಾಗಿ ಹೋಗುವಾಗ ಮೆದು ಸ್ಪ್ರಿಂಗ್ ಸುಖವಾಗಿಯೇ ಇರುತ್ತದೆ. ಆದರೆ ಬೇರೆ ಲಕ್ಷಣಗಳೂ ಇದ್ದವು. ಸೈಡ್ ಸ್ಟ್ಯಾಂಡ್ ಹಾಕಿದರೆ ಬೈಕು ಮೊದಲಿನಷ್ಟು ವಾಲುತ್ತಿರಲಿಲ್ಲ, ಬಹುತೇಕ ನೆಟ್ಟಗೆ ನಿಲ್ಲುತ್ತಿತ್ತು. ರಾತ್ರಿ ಎದುರಿನವರು ಮತ್ತೆ ಮತ್ತೆ ಡಿಮ್-ಡಿಪ್ ಮಾಡುತ್ತಿದ್ದರು. ಅಂಗಡಿಗೆ ಫೋನ್ ಮಾಡಿ ಹೇಳಿದಾಗ ‘ಹೊಸದು ಸಾರ್, ಸೆಟ್ ಆಗುತ್ತೆ’ ಎಂಬ ಉತ್ತರ ಬಂತು. ಹಿಂಭಾಗ ತಗ್ಗಿದೆ ಎಂದು ಆ ಎರಡೂ ಲಕ್ಷಣಗಳು ಸಾರುತ್ತಿದ್ದವು, ಅದು ಫೋನೆತ್ತಿದವರಿಗೆ ತಿಳಿದಿರಲೇಬೇಕಾದ ವಿಷಯ.

ಧರ್ಮಸ್ಥಳಕ್ಕೆ ಹೊರಟಿದ್ದೆವು. ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದವರೆಗೆ ತೊಂದರೆ ಕಾಣಲಿಲ್ಲ. ಘಾಟಿ ಇಳಿಯುವಾಗ ಡಾಂಬರು ಕಿತ್ತ ಕಡೆಗಳಲ್ಲಿ ಹಿಂದಿನಿಂದ ‘ಧಡ್’ ಎಂಬ ಸದ್ದು, ಅದರ ಬೆನ್ನಿಗೇ ‘ಝರ್’ ಎಂದು ಉಜ್ಜುವ ಸದ್ದು. ಮೂರ್ನಾಲ್ಕು ತಿರುವು ಕಳೆದ ಮೇಲೆ ರಬ್ಬರ್ ಸುಟ್ಟ ವಾಸನೆ. ನಿಲ್ಲಿಸಲು ಅಗಲವಾದ ಜಾಗ ಹುಡುಕುತ್ತಿದ್ದಾಗ ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಾ ಪಕ್ಕಕ್ಕೆ ಬಂದು, ‘ನಿಮ್ಮ ಹಿಂದಿನ ಲೈಟ್ ಉಂಟಲ್ಲ, ಅದು ಉರಿಯುವುದೇ ಇಲ್ಲ. ಮಂಜಿನಲ್ಲಿ ನೀವು ಕಾಣುವುದೇ ಇಲ್ಲ’ ಎಂದರು. ಆ ಪುಣ್ಯಾತ್ಮರು ಹಜಾರ್ಡ್ ಲೈಟ್ ಹಾಕಿಕೊಂಡು ಘಾಟಿ ಮುಗಿಯುವವರೆಗೆ ನಮ್ಮ ಹಿಂದೆಯೇ ಬಂದರು. ಅವರ ಹೆಸರೂ ಕೇಳಲಾಗಲಿಲ್ಲ.

ಉಜಿರೆಯ ಮೆಕ್ಯಾನಿಕ್ ಒಬ್ಬರು ಬೈಕನ್ನು ಎತ್ತಿ ನಿಲ್ಲಿಸಿ ಟಾರ್ಚ್ ಹಿಡಿದರು. ಮಡ್‌ಗಾರ್ಡಿನ ಒಳಮೈಯಲ್ಲಿ ಬಣ್ಣ ಹೋಗಿ ತಗಡು ಹೊಳೆಯುವ ಗೆರೆ, ಅದರ ಪಕ್ಕದಲ್ಲೇ ಹರಿದ ವೈರು. ಟೈರಿನ ನಡುಭಾಗದಲ್ಲಿ ಬೋಲ್ಟಿನ ತಲೆ ಕೊರೆದ ಗೀಟು. ‘ಇದು ನಿಮ್ಮ ಗಾಡಿಯದ್ದೇ ಅಲ್ಲ ಮಾರಾಯ್ರೆ, ಗಿಡ್ಡ ಉಂಟು’ ಎಂದರು. ವೈರು ಜೋಡಿಸಿಕೊಟ್ಟು, ‘ಹಿಂದೆ ಯಾರನ್ನೂ ಕೂರಿಸಬೇಡಿ’ ಅಂದರು. ಹೆಂಡತಿಯನ್ನು ಬಸ್ಸಿಗೆ ಹತ್ತಿಸಿ ನಾನೊಬ್ಬನೇ ಗಾಡಿ ವಾಪಸ್ ತಂದೆ.

ಹಳೆಯ ಶಾಕ್‌ಗಳನ್ನು ಗುಜರಿಗೆ ಬಿಡದೆ ಮನೆಗೆ ತಂದಿಟ್ಟಿದ್ದು ಕೆಲಸಕ್ಕೆ ಬಂತು. ಎರಡನ್ನೂ ಅಕ್ಕಪಕ್ಕ ಮಲಗಿಸಿ, ಮೇಲಿನ ಕಣ್ಣಿನ (ಬೋಲ್ಟ್ ಕೂರುವ ತೂತಿನ) ನಡುವಿನಿಂದ ಕೆಳಗಿನ ಕಣ್ಣಿನ ನಡುವಿಗೆ ಅಳೆದರೆ ಹೊಸದು 20 ಮಿ.ಮೀ. ಗಿಡ್ಡ. ಅಪಾಯ ಇರುವುದು ಬರೀ ಆ 20 ಮಿ.ಮೀ.ನಲ್ಲಲ್ಲ. ಶಾಕ್‌ನ ರಾಡು ಒಳಗೆ ಹೋಗುವ ದೂರ, ಅಂದರೆ ಸ್ಟ್ರೋಕ್, ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅದುಮದೆ ಬಿಟ್ಟಾಗ ಗಿಡ್ಡ, ಸ್ಟ್ರೋಕ್ ಮಾತ್ರ ಹಳೆಯದರಷ್ಟೇ ಎಂದಾದರೆ ಪೂರ್ತಿ ಅದುಮಿದಾಗಲೂ ಅದು ಹಳೆಯದಕ್ಕಿಂತ 20 ಮಿ.ಮೀ. ಗಿಡ್ಡವಾಗುತ್ತದೆ. ಶಾಕ್ ಓರೆಯಾಗಿ ಕೂತಿರುವುದರಿಂದ ಚಕ್ರ ಅದಕ್ಕಿಂತ ತುಸು ಹೆಚ್ಚೇ ಮೇಲೇರುತ್ತದೆ. ಕಂಪನಿಯವರು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬಿಟ್ಟ ಜಾಗ ಹಳೆಯ ಲೆಕ್ಕದ್ದು. ರಾಡಿನ ಕೊನೆಯಲ್ಲಿ ಗಟ್ಟಿ ರಬ್ಬರಿನ ಬಂಪ್ ಸ್ಟಾಪರ್ ಇದ್ದಿದ್ದರೆ ಸ್ವಲ್ಪವಾದರೂ ತಡೆಯುತ್ತಿತ್ತು, ಇದರಲ್ಲಿ ಬೆರಳಲ್ಲಿ ಹಿಸುಕಿದರೆ ಚಪ್ಪಟೆಯಾಗುವ ಸ್ಪಂಜಿನ ಉಂಗುರವಿತ್ತು.

ಹಿಂಭಾಗ ಸುಮಾರು 22 ಮಿ.ಮೀ. ಇಳಿಯಿತು ಅನ್ನಿ. ಈ ಗಾಡಿಯ ವೀಲ್‌ಬೇಸ್, ಅಂದರೆ ಎರಡು ಚಕ್ರಗಳ ನಡುವಿನ ದೂರ, 1500 ಮಿ.ಮೀ. ಲೆಕ್ಕ ಹಾಕಿದರೆ ಇಡೀ ಬೈಕು ಸುಮಾರು 0.8 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ 25 ಮೀಟರ್ ದೂರದಲ್ಲಿ ಹೆಡ್‌ಲೈಟಿನ ಬೆಳಕು ಒಂದು ಅಡಿಗಿಂತ ಮೇಲೆ ಬೀಳುತ್ತದೆ. ಎದುರಿನವರು ಲೈಟು ಮಿನುಗಿಸುತ್ತಿದ್ದುದು ಅದಕ್ಕೇ. ಹ್ಯಾಂಡಲ್ ಮುಂಚಿಗಿಂತ ಭಾರವಾಗಿ ತಿರುಗುತ್ತದೆ. ಗಾಡಿಯ ಹೊಟ್ಟೆ ನೆಲದಿಂದ ಮೊದಲೇ 135 ಮಿ.ಮೀ. ಅಷ್ಟೇ ಮೇಲಿದೆ, ಅದೂ ಕಡಿಮೆಯಾಗಿ ನಮ್ಮೂರಿನ ಹಂಪುಗಳಿಗೆ ತಾಗುತ್ತದೆ.

ಪಕ್ಕದಲ್ಲಿ ಅಂಟಿಕೊಂಡಿದ್ದ ಚಿನ್ನದ ಬಣ್ಣದ ಕ್ಯಾನಿಸ್ಟರ್ (ಸಣ್ಣ ಡಬ್ಬಿ) ಬಗ್ಗೆಯೂ ಹೇಳಬೇಕು, ಬೆಲೆ 18,500 ರೂಪಾಯಿ ಆಗಿದ್ದೇ ಅದರ ಹೆಸರಿನಲ್ಲಿ. ನಿಜವಾದ ಶಾಕ್‌ನಲ್ಲಿ ಕ್ಯಾನಿಸ್ಟರ್ ಒಳಗೆ ಒತ್ತಡದ ನೈಟ್ರೋಜನ್ ಇರುತ್ತದೆ, ಆಯಿಲ್ ಜೊತೆ ಅದು ಬೆರೆಯದಂತೆ ನಡುವೆ ಒಂದು ತೇಲುವ ಪಿಸ್ಟನ್ ಅಥವಾ ರಬ್ಬರಿನ ಚೀಲ ಇರುತ್ತದೆ. ಗುಂಡಿಗಳ ರಸ್ತೆಯಲ್ಲಿ ತಾಸುಗಟ್ಟಲೆ ಓಡಿದರೂ ಆಯಿಲ್ ನೊರೆಯಾಗದೆ, ಹಿಡಿತ ಸಡಿಲವಾಗದೆ ಇರುವುದು ಅದರಿಂದಲೇ. ಸಸ್ಪೆನ್ಷನ್ ಕೆಲಸವನ್ನೇ ಮಾಡುವ ಒಬ್ಬರ ಹತ್ತಿರ ನನ್ನದನ್ನು ಬಿಚ್ಚಿಸಿದೆ. ಕ್ಯಾನಿಸ್ಟರ್ ಖಾಲಿ. ಅದಕ್ಕೂ ಶಾಕ್‌ಗೂ ನಡುವೆ ಆಯಿಲ್ ಹಾಯಲು ತೂತೇ ಇರಲಿಲ್ಲ. ಶಾಕ್ ಅದುಮುವಾಗಿನ ಬಿಗಿ ಹೊಂದಿಸಲೆಂದು ಮೇಲಿದ್ದ ಕಂಪ್ರೆಷನ್ ನಾಬ್ ಟಕ್ ಟಕ್ ಎಂದು ತಿರುಗುತ್ತಿತ್ತು, ಒಳಗೆ ಯಾವುದಕ್ಕೂ ಜೋಡಣೆಯಾಗಿರಲಿಲ್ಲ. ಎರಡು ಜೀವ ಹೊರುವ ಭಾಗವನ್ನು ಹೀಗೆ ಮಾಡಿ ಮಾರಲು ಮನಸ್ಸಾದರೂ ಹೇಗೆ ಬರುತ್ತದೋ ನನಗೆ ಅರ್ಥವಾಗಿಲ್ಲ. ಕೆಳಗಿನ ಕಣ್ಣಿನೊಳಗೆ ಕೂರುವ ಬುಷ್ ಕೂಡ ಅಳತೆಯದ್ದಲ್ಲ, ತೆಳುವಾದ ತಗಡಿನ ಸುರುಳಿ ತುರುಕಿ ಬೋಲ್ಟಿಗೆ ಹೊಂದಿಸಿದ್ದರು.

ಹಣ ವಾಪಸ್ ಕೇಳಿದಾಗ ‘ಫಿಟ್ ಮಾಡಿದ ಮಾಲು ವಾಪಸ್ ಇಲ್ಲ’ ಎಂದರು. ಬಿಲ್ಲಿನಲ್ಲಿ ‘ಬೈಕ್ ಆಕ್ಸೆಸರಿ’ ಎಂದಷ್ಟೇ ಇತ್ತು. ಅಂಗಡಿಯವರು ನನ್ನ ಬೈಕಿನ ಹೆಸರು ಬರೆದುಕೊಟ್ಟಿದ್ದು ವಾಟ್ಸಾಪ್‌ನಲ್ಲಿ ಉಳಿದಿತ್ತು, ಅದೇ ಈಗ ಆಧಾರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ, 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ದೂರಿನ ಶುಲ್ಕ ಇಲ್ಲ. ನೀವು ಏನೇ ಕೊಂಡರೂ ಬಿಲ್ಲಿನಲ್ಲಿ ಬೈಕಿನ ಮಾಡೆಲ್ಲು, ಶಾಕ್‌ನ ಉದ್ದ, ಪಾರ್ಟ್ ನಂಬರ್ ಮೂರನ್ನೂ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡುವವರ ಹತ್ತಿರ ಕೊಳ್ಳಬೇಡಿ.

ಕೇಳಬೇಕಾದ್ದು ಬಹಳವಿಲ್ಲ. ಅದುಮದೆ ಬಿಟ್ಟಾಗಿನ ಉದ್ದ, ಸ್ಟ್ರೋಕ್, ಪೂರ್ತಿ ಅದುಮಿದಾಗಿನ ಉದ್ದ, ಸ್ಪ್ರಿಂಗ್ ರೇಟ್ (ಒಂದು ಮಿ.ಮೀ. ಅದುಮಲು ಬೇಕಾದ ಬಲ). ಇಂಗ್ಲೆಂಡಿನ ಹ್ಯಾಗನ್‌ನಂಥ ತಯಾರಕರು ಸವಾರನ ತೂಕ ಕೇಳಿಯೇ ಸ್ಪ್ರಿಂಗ್ ಆರಿಸುತ್ತಾರೆ. ಹಾಕುವ ಮುನ್ನ ಸ್ಪ್ರಿಂಗ್ ತೆಗೆದು ಬರೀ ಶಾಕ್ ಕೂರಿಸಿ, ಚಕ್ರವನ್ನು ಜಾಕಿನಿಂದ ಕೊನೆಯವರೆಗೆ ಎತ್ತಿಸಿ ನೋಡಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ಆಡಬೇಕು. ಕೆಲಸ ಬಲ್ಲವರು ಇದಕ್ಕೆ ಇಲ್ಲ ಅನ್ನುವುದಿಲ್ಲ. ಆಮೇಲೆ ಸ್ಯಾಗ್, ಅಂದರೆ ತೂಕಕ್ಕೆ ಹಿಂಭಾಗ ಎಷ್ಟು ತಗ್ಗುತ್ತದೆ ಅನ್ನುವುದನ್ನು, ಅಳೆಸಿ. ಚಕ್ರ ನೆಲ ಬಿಟ್ಟಾಗ ಒಮ್ಮೆ, ಇಬ್ಬರೂ ಹತ್ತಿ ಕೂತಾಗ ಒಮ್ಮೆ, ಆಕ್ಸಲ್‌ನಿಂದ ನೇರ ಮೇಲೆ ಮಡ್‌ಗಾರ್ಡಿನ ಒಂದು ಗುರುತಿಗೆ. ವ್ಯತ್ಯಾಸ ಒಟ್ಟು ಆಟದ ಮೂರನೇ ಒಂದು ಭಾಗದಷ್ಟಿರಬೇಕು, ನನ್ನ ಗಾಡಿಗಾದರೆ 30ರಿಂದ 35 ಮಿ.ಮೀ. ಆ ಶಾಕ್‌ನಲ್ಲಿ ನಾವಿಬ್ಬರು ಸುಮ್ಮನೆ ಕೂತಾಗಲೇ 60 ದಾಟುತ್ತಿತ್ತು. ಎರಡೂ ಬದಿಯ ಪ್ರಿಲೋಡ್ ಒಂದೇ ಮೆಟ್ಟಿಲಲ್ಲಿದೆಯೇ ಎಂದೂ ನೋಡಿಕೊಳ್ಳಿ.

ಇಂಥ ಶಾಕ್ ಈಗಾಗಲೇ ಹಾಕಿಸಿಕೊಂಡಿದ್ದರೆ ಇವತ್ತೇ ಟಾರ್ಚ್ ಹಿಡಿದು ಮಡ್‌ಗಾರ್ಡಿನ ಒಳಗೆ ನೋಡಿ. ಬಣ್ಣ ಹೋದ ಗೆರೆ ಕಂಡರೆ, ಅಥವಾ ಟೈರಿನ ನಡುವೆ ಸುತ್ತಲೂ ಗೀಟು ಕಂಡರೆ, ಹಳೆಯ ಶಾಕ್ ವಾಪಸ್ ಹಾಕಿಸುವವರೆಗೆ ಹಿಂದೆ ಯಾರನ್ನೂ ಕೂರಿಸಬೇಡಿ. ಹಳೆಯದು ಕೈಯಲ್ಲಿಲ್ಲದಿದ್ದರೆ ಶೋರೂಮಿನ ಸರ್ವಿಸ್ ಕೌಂಟರಿನಲ್ಲಿ ಮೂಲ ಶಾಕ್ ಬಿಡಿಭಾಗವಾಗಿ ತರಿಸಿಕೊಳ್ಳಬಹುದು.