ಓಯೆಜ್: ಸ್ಕೂಲಲ್ಲಿ ಪ್ರಾರ್ಥನೆ ಕೇಸ್‌ಗಳ ವಾದ ನೀವೇ ಕೇಳಿ, ಫಾರ್ವರ್ಡ್ ನಂಬ್ಬೇಡಿ

ಅಮೆರಿಕದಲ್ಲಿ, ಅದ್ರಲ್ಲೂ ಟೆಕ್ಸಾಸಲ್ಲಿ ಮಕ್ಕಳನ್ನ ಪಬ್ಲಿಕ್ ಸ್ಕೂಲಿಗೆ ಕಳಿಸ್ತಿರೋ ನಮ್ಮ ಕನ್ನಡದವ್ರಿಗೆ ಈ ರಿವ್ಯೂ. 2025ರಲ್ಲಿ ಇಲ್ಲಿ ಎಸ್‌ಬಿ 10 ಕಾನೂನು ಬಂತಲ್ಲ, ಪ್ರತಿ ಕ್ಲಾಸ್‌ರೂಮಲ್ಲೂ ಕನಿಷ್ಠ 16 ಇಂಚು ಅಗಲ 20 ಇಂಚು ಎತ್ತರದ ಟೆನ್ ಕಮಾಂಡ್‌ಮೆಂಟ್ಸ್ (ಬೈಬಲಿನ ಹತ್ತು ಆಜ್ಞೆಗಳು) ಪೋಸ್ಟರ್ ಹಾಕ್ಬೇಕು ಅಂತ, ಅವತ್ತಿಂದ ನಮ್ಮ ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ಬರೀ ಗಲಾಟೆ. ಸ್ಕೂಲಲ್ಲಿ ದೇವರ ಹೆಸರೇ ಎತ್ತಂಗಿಲ್ಲ ಅಂತ ಒಬ್ರು, ಇನ್ಮೇಲೆ ಕುಂಕುಮ ಇಟ್ಕೊಂಡು ಹೋಗಂಗಿಲ್ಲ ಅಂತ ಇನ್ನೊಬ್ರು. ಎರಡೂ ತಪ್ಪು. ಯಾಕೆ ತಪ್ಪು ಅಂತ ನಂಗೆ ಬಿಡಿಸಿ ತಿಳಿಸಿದ್ದು ಓಯೆಜ್.

ಇದು ಅಮೆರಿಕದ ಸುಪ್ರೀಂ ಕೋರ್ಟಲ್ಲಿ ನಡೆದ ವಾದಗಳ ಆಡಿಯೋ ಇಟ್ಟಿರೋ ಫ್ರೀ ಸೈಟು. 1955ರಿಂದ ಕೋರ್ಟು ರೆಕಾರ್ಡ್ ಮಾಡಿಟ್ಟಿದ್ದು ಇಲ್ಲಿ ಸಿಗುತ್ತೆ, ಲಾಗಿನ್ ಬೇಡ, ದುಡ್ಡು ಬೇಡ. ಕೇಸ್ ಹೆಸರು ಹಾಕಿದ್ರೆ ಮೊದ್ಲು ಏನು ನಡೀತು, ಕೋರ್ಟಿನ ಮುಂದಿದ್ದ ಪ್ರಶ್ನೆ ಏನು, ತೀರ್ಪು ಏನು ಅಂತ ಚಿಕ್ಕದಾಗಿ ಬರುತ್ತೆ, ಯಾವ ಜಡ್ಜ್ ಯಾವ ಕಡೆ ಅಂತ ಫೋಟೋ ಸಮೇತ ಇರುತ್ತೆ. ಆಡಿಯೋ ಪ್ಲೇ ಮಾಡಿದ್ರೆ ಮಾತಿನ ಜೊತೆಜೊತೆಗೇ ಟ್ರಾನ್ಸ್‌ಕ್ರಿಪ್ಟ್ ಓಡ್ತಾ ಹೋಗುತ್ತೆ, ಲಾಯರ್‌ಗಳ ಇಂಗ್ಲಿಷ್ ವೇಗಕ್ಕೆ ಅದಿಲ್ದಿದ್ರೆ ನಂಗಂತೂ ಆಗ್ತಿರ್ಲಿಲ್ಲ.

ಮೊದ್ಲು ಏಂಗಲ್ ವರ್ಸಸ್ ವಿಟಾಲೆ ಕೇಳಿ, 1962ರದ್ದು. ನ್ಯೂಯಾರ್ಕಿನ ಶಿಕ್ಷಣ ಮಂಡಳಿಯವ್ರು 22 ಪದದ ಒಂದು ಪ್ರಾರ್ಥನೆ ತಾವೇ ಬರೆದು ಸ್ಕೂಲುಗಳಿಗೆ ಕೊಟ್ಟಿದ್ರು, ಯಾವ ಪಂಥದ್ದೂ ಅಲ್ಲ, ಬರೀ ದೇವರೇ ನಮ್ಮನ್ನೂ ಅಪ್ಪ ಅಮ್ಮನ್ನೂ ಟೀಚರ್‌ಗಳನ್ನೂ ದೇಶವನ್ನೂ ಹರಸು ಅನ್ನೋ ಥರದ್ದು, ಬೇಡ ಅನ್ನೋ ಮಗು ಸುಮ್ನಿರಬಹುದು ಇಲ್ಲ ಆಚೆ ಹೋಗಬಹುದು. ಇದ್ರಲ್ಲಿ ತಪ್ಪೇನು ಅಂತ ನಮ್ಮಲ್ಲಿ ತುಂಬಾ ಜನಕ್ಕೆ ಅನ್ಸುತ್ತೆ, ನಾವೆಲ್ಲ ಬೆಳಿಗ್ಗೆ ಸಾಲಲ್ಲಿ ನಿಂತು ಪ್ರಾರ್ಥನೆ ಹೇಳೇ ಬೆಳೆದವ್ರು. ಆದ್ರೆ ಕೋರ್ಟು 6-1ರಲ್ಲಿ ಬೇಡ ಅಂತು, ಪ್ರಾರ್ಥನೆ ಬರೆದು ಜನರ ಬಾಯಲ್ಲಿ ಹೇಳಿಸೋದು ಸರ್ಕಾರದ ಕೆಲಸ ಅಲ್ಲ ಅಂತ ಜಸ್ಟಿಸ್ ಹ್ಯೂಗೋ ಬ್ಲ್ಯಾಕ್ ಬರೆದ್ರು. ಮಗು ತಾನಾಗೇ ಊಟದ ಮುಂಚೆ ಕೈ ಮುಗಿದ್ರೆ ಅದನ್ನ ಈ ತೀರ್ಪು ಮುಟ್ಟಲ್ಲ. ಮಾರನೇ ವರ್ಷದ ಅಬಿಂಗ್ಟನ್ ವರ್ಸಸ್ ಶೆಂಪ್ ಕೂಡ ಇದರ ಜೊತೆಗೇ ಕೇಳ್ಬಹುದು, ಪೆನ್ಸಿಲ್ವೇನಿಯಾದಲ್ಲಿ ದಿನಾ ಬೈಬಲಿನ ಹತ್ತು ವಚನ ಓದಿಸ್ತಿದ್ದ ಕಾಲಕ್ಕೆ ಎಲ್ಲರಿ ಶೆಂಪ್ ಅನ್ನೋ ಹುಡುಗ ಕುರಾನ್ ತಗೊಂಡೋಗಿ ಓದ್ತಾ ಕೂತಿದ್ದ.

ಆದ್ರೆ ನಿಮಗೆ ಒಂದೇ ಕೇಸಿಗೆ ಟೈಮ್ ಇದೆ ಅಂದ್ರೆ 2022ರ ಕೆನಡಿ ವರ್ಸಸ್ ಬ್ರೆಮರ್ಟನ್. ವಾಷಿಂಗ್ಟನ್ ರಾಜ್ಯದ ಸ್ಕೂಲೊಂದರ ಫುಟ್‌ಬಾಲ್ ಕೋಚು, ಮ್ಯಾಚ್ ಮುಗಿದ್ಮೇಲೆ ಮೈದಾನದ ಮಧ್ಯ 50 ಯಾರ್ಡ್ ಗೆರೆ ಮೇಲೆ ಮಂಡಿಯೂರಿ ಪ್ರಾರ್ಥನೆ ಮಾಡ್ತಿದ್ರು, ಸ್ಕೂಲು ಬೇಡ ಅಂತು, ಅವ್ರು ಕೋರ್ಟಿಗೆ ಹೋದ್ರು. ಜಡ್ಜ್‌ಗಳು ಒಂದಾದ ಮೇಲೊಂದು ಉದಾಹರಣೆ ಎಸೀತಾರೆ, ಜಸ್ಟಿಸ್ ಅಲಿಟೋ ಅವ್ರು ಅದೇ ಕೋಚು ಪ್ರಾರ್ಥನೆ ಬದ್ಲು ಯುಕ್ರೇನ್ ಬಾವುಟ ಬೀಸಿದ್ರೆ ಏನ್ಮಾಡ್ತಿದ್ರಿ ಅಂತ ಕೇಳ್ತಾರೆ. ನಂಗೆ ತುಂಬಾ ತಟ್ಟಿದ್ದು ಜಸ್ಟಿಸ್ ಕವನಾ ಕೇಳಿದ ಪ್ರಶ್ನೆ, ಅವ್ರೂ ಹುಡುಗೀರ ಬಾಸ್ಕೆಟ್‌ಬಾಲ್ ಟೀಮಿಗೆ ಕೋಚಿಂಗ್ ಮಾಡಿದವ್ರು. ಕೋಚ್ ಜೊತೆ ಸೇರ್ದಿದ್ರೆ ಮುಂದಿನ ವಾರ ನನ್ನ ಆಡ್ಸಲ್ವೇನೋ ಅನ್ನೋ ಹುಡುಗನ ಕಥೆ ಏನು, ಪ್ರತಿ ಆಟಗಾರನಿಗೂ ಕೋಚ್ ಹತ್ರ ಒಳ್ಳೇವ್ನು ಅನ್ನಿಸ್ಕೊಳ್ಬೇಕು ಅಂತಿರುತ್ತಲ್ಲ ಅಂತ. ಹೀಗೆ ಕೇಳಿದವ್ರೇ ಕೊನೆಗೆ ಕೋಚ್ ಪರ ನಿಂತ್ರು, 6-3ರಲ್ಲಿ ಕೋಚ್ ಗೆದ್ರು. ನನ್ನ ಪ್ರಕಾರ ಆ ಹುಡುಗನ ಪ್ರಶ್ನೆಗೆ ತೀರ್ಪಲ್ಲಿ ಸರಿಯಾದ ಉತ್ತರ ಸಿಗ್ಲಿಲ್ಲ. ನಮ್ಮ ಮಕ್ಕಳು ಟೀಮಲ್ಲಿ ಒಬ್ಬನೋ ಇಬ್ಬರೋ ಇರ್ತಾರೆ, ಎಲ್ರೂ ಮಂಡಿಯೂರಿದಾಗ ನಿಂತ್ಕೊಂಡೇ ಇರೋದು 14 ವರ್ಷದ ಹುಡುಗನಿಗೆ ಸುಲಭ ಅಲ್ಲ. ಜಸ್ಟಿಸ್ ಸೋಟೊಮಯೋರ್ ತಮ್ಮ ಭಿನ್ನಮತದಲ್ಲಿ ಮೈದಾನದ ಫೋಟೋಗಳನ್ನೇ ಹಾಕಿದ್ದಾರೆ, ಅದು ಆಡಿಯೋದಲ್ಲಿ ಸಿಗಲ್ಲ, ತೀರ್ಪನ್ನೇ ತೆಗೆದು ನೋಡ್ಬೇಕು, ದಯವಿಟ್ಟು ನೋಡಿ.

ಹೈಸ್ಕೂಲ್ ಮಕ್ಕಳಿರೋವ್ರು 1990ರ ಮರ್ಗೆನ್ಸ್ ಕೇಸ್ ಬಿಡ್ಬೇಡಿ. ಒಮಾಹಾದಲ್ಲಿ ಒಬ್ಬ ಹುಡುಗಿ ಬೈಬಲ್ ಕ್ಲಬ್ ಮಾಡ್ತೀನಿ ಅಂದ್ಲು, ಸ್ಕೂಲು ಬೇಡ ಅಂತು, ಕೋರ್ಟು ಅವಳ ಪರ ಆಯ್ತು, 1984ರ ಈಕ್ವಲ್ ಆಕ್ಸೆಸ್ ಆಕ್ಟ್ ಪ್ರಕಾರ ಪಾಠಕ್ಕೆ ಸಂಬಂಧ ಇಲ್ದಿರೋ ಬೇರೆ ಕ್ಲಬ್‌ಗಳಿಗೆ ಜಾಗ ಕೊಟ್ರೆ ಇದಕ್ಕೂ ಕೊಡ್ಬೇಕು ಅಂತ. ನಾಳೆ ನಮ್ಮ ಮಕ್ಕಳು ಹಿಂದೂ ಸ್ಟೂಡೆಂಟ್ಸ್ ಕ್ಲಬ್ ಕೇಳಿದ್ರೂ ಅದೇ ನಿಯಮ, ಅದಕ್ಕೇ ಈ ಕೇಸು ನಮ್ಮದೂ ಹೌದು.

ಕೊರತೆಗಳೂ ಇವೆ. ಹಳೇ ಟೇಪುಗಳಲ್ಲಿ ಸದ್ದು ಗರಗರ ಅನ್ನುತ್ತೆ, ಹೆಡ್‌ಫೋನ್ ಬೇಕೇ ಬೇಕು. ಕೆಲವು ಕಡೆ ಯಾವ ಜಡ್ಜ್ ಮಾತಾಡಿದ್ದು ಅಂತ ಗೊತ್ತಾಗಲ್ಲ, ಆದ್ರೆ 2004ರವರೆಗೂ ಕೋರ್ಟಿನ ಸ್ವಂತ ಟ್ರಾನ್ಸ್‌ಕ್ರಿಪ್ಟಲ್ಲೇ ಪ್ರಶ್ನೆ ಕೇಳಿದ ಜಡ್ಜ್ ಹೆಸರು ಇರ್ತಿರ್ಲಿಲ್ಲ, ಇವ್ರು ಧ್ವನಿ ಗುರುತಿಸಿ ಹಾಕಿರೋದೇ ದೊಡ್ಡ ಕೆಲಸ. ಈ ಪೋಸ್ಟರ್ ವಿಷಯಕ್ಕೆ ತೀರಾ ಹತ್ರದ ಕೇಸು 1980ರ ಸ್ಟೋನ್ ವರ್ಸಸ್ ಗ್ರಹಾಂ, ಕೆಂಟಕಿಯಲ್ಲಿ ಇದೇ ಟೆನ್ ಕಮಾಂಡ್‌ಮೆಂಟ್ಸ್ ಕ್ಲಾಸಲ್ಲಿ ಹಾಕೋದು ಸಂವಿಧಾನಕ್ಕೆ ವಿರುದ್ಧ ಅಂದಿದ್ದು, ಅದಕ್ಕೆ ವಾದದ ಆಡಿಯೋನೇ ಇಲ್ಲ ಯಾಕಂದ್ರೆ ಕೋರ್ಟು ವಾದ ಕೇಳ್ದೇನೇ ತೀರ್ಪು ಕೊಟ್ಟಿತ್ತು. ಹುಡುಕೋದು ಕೂಡ ಕೇಸಿನ ಹೆಸರು ಗೊತ್ತಿದ್ರೆ ಮಾತ್ರ ಸಲೀಸು.

2022ರಲ್ಲಿ ಹಿಜಾಬ್ ಕೇಸ್ ವಿಚಾರಣೆನ ನಮ್ಮ ಕರ್ನಾಟಕ ಹೈಕೋರ್ಟ್ ಯೂಟ್ಯೂಬಲ್ಲಿ ಲೈವ್ ಬಿಟ್ಟಿತ್ತು, ಅದನ್ನೂ ಯಾರಾದ್ರೂ ಹೀಗೇ ಮಾತು ಮಾತಿಗೆ ಹೆಸರು ಹಾಕಿ, ಪಕ್ಕದಲ್ಲಿ ಕನ್ನಡ ಸಾರಾಂಶ ಕೊಟ್ಟು ಜೋಡಿಸಿಟ್ರೆ ಊರಲ್ಲಿರೋ ಅಪ್ಪ ಅಮ್ಮಂದಿರಿಗೆ ಎಷ್ಟು ಉಪಯೋಗ ಆಗುತ್ತೆ ಹೇಳಿ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಮರ್ಗೆನ್ಸ್‌ನ ಮಕ್ಕಳ ಜೊತೆ ಕೂತು ಕೇಳಿ, ಕೆನಡಿನ ಮೊದ್ಲು ನೀವೊಬ್ರೇ ಕೇಳಿ, ಆಮೇಲೆ ಟೀಮಲ್ಲಿ ಆಡೋ ಮಗು ಇದ್ರೆ ಅದ್ರ ಜೊತೆ ಆ ಕೋಚ್ ಪ್ರಶ್ನೆ ಬಗ್ಗೆ ಮಾತಾಡಿ, ನಿಮ್ಮ ಸ್ಕೂಲಲ್ಲಿ ಹಾಗೇನಾದ್ರೂ ಇದ್ಯಾ ಅಂತ ಕೇಳಿ.