ದಿಂಬಿನ ಕೆಳಗೆ ನಡುಗುವ ಬಾಗಿಲ ಅಲಾರಂ: ಎಂಟು ತಿಂಗಳು ಬಳಸಿದ ಮೇಲೆ

ನಮ್ಮ ಯಜಮಾನರಿಗೆ ಆಲ್‌ಝೈಮರ್ ಅಂತ ಗೊತ್ತಾಗಿ ಮೂರು ವರ್ಷ ಆಯಿತು. ಹಗಲು ಹೇಗೋ ಕಳೆಯುತ್ತದೆ. ರಾತ್ರಿಯದೇ ಕಷ್ಟ. ಎರಡು ಗಂಟೆಗೋ ಮೂರು ಗಂಟೆಗೋ ಎದ್ದು, ಅಂಗಿ ಹಾಕಿಕೊಂಡು, "ಆಫೀಸಿಗೆ ಹೊತ್ತಾಯ್ತು" ಅಂತ ಹೊರಟುಬಿಡುತ್ತಾರೆ. ರಿಟೈರ್ ಆಗಿ 14 ವರ್ಷ ಆಗಿದೆ. ಅವರು ಎದ್ದರೇನೋ ಅಂತ ಕಿವಿಗೊಟ್ಟುಕೊಂಡು ಮಲಗುತ್ತಿದ್ದೆ, ಅಂದರೆ ನಿದ್ದೆಯೇ ಇರಲಿಲ್ಲ. ಮರೆವಿನ ಕಾಯಿಲೆ ಇರುವ ಹತ್ತು ಜನರಲ್ಲಿ ಸುಮಾರು ಆರು ಜನ ಒಂದಲ್ಲ ಒಂದು ಸಲ ಹೀಗೆ ಹೊರಟುಬಿಡುತ್ತಾರಂತೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ತಂದದ್ದು ಬಾಗಿಲಿಗೇ ಅಂಟಿಸುವ ಸೈರನ್. ಅದನ್ನು ದಯವಿಟ್ಟು ತರಬೇಡಿ. ಮೊದಲ ರಾತ್ರಿ ಅದು ಕಿರುಚಿಕೊಂಡಾಗ ಅವರಿಗೆ ಎಷ್ಟು ಗಾಬರಿ ಆಯಿತು ಅಂದರೆ, ಹಿಂದಿನಿಂದ ಬಂದು ಕೈ ಹಿಡಿದ ನನ್ನನ್ನು ಯಾರೋ ಕಳ್ಳರು ಅಂದುಕೊಂಡು ತಳ್ಳಿಬಿಟ್ಟರು. ಗೋಡೆಗೆ ಹೋಗಿ ಬಿದ್ದೆ. ಮಣಿಕಟ್ಟು ಎರಡು ವಾರ ಊದಿಕೊಂಡಿತ್ತು. ಅವರು ಬೇಕಂತ ಮಾಡಿದ್ದಲ್ಲ, ನನಗೆ ಗೊತ್ತು. ಆದರೂ ನಾನೇ ಬಿದ್ದು ಮಲಗಿದರೆ ಅವರನ್ನು ನೋಡಿಕೊಳ್ಳುವವರು ಯಾರು?

ಈಗಿನದು ಬೇರೆ ಥರದ್ದು. ಬಾಗಿಲಿಗೆ ಸಣ್ಣ ಅಯಸ್ಕಾಂತ, ಚೌಕಟ್ಟಿಗೆ ಸೆನ್ಸರ್. ಬಾಗಿಲು ತೆರೆದು ಎರಡೂ ದೂರ ಸರಿದರೆ ನನ್ನ ದಿಂಬಿನ ಕೆಳಗಿರುವ ಪೇಜರ್ ಗುರ್ ಅಂತ ನಡುಗುತ್ತದೆ. ಅವರಿಗೆ ಏನೂ ಕೇಳಿಸುವುದಿಲ್ಲ. ಒಂದನ್ನು ಮಲಗುವ ಕೋಣೆಯ ಬಾಗಿಲಿಗೂ ಹಾಕಿಸಿದೆ, ಹಾಗಾಗಿ ಅವರು ಮುಂಬಾಗಿಲು ಮುಟ್ಟುವಷ್ಟರಲ್ಲಿ ನಾನು ಎದ್ದಿರುತ್ತೇನೆ. ದೀಪ ಹಾಕಿ, ಅವರ ಕಣ್ಣಿಗೆ ಕಾಣುವ ಹಾಗೆ ಎದುರಿಗೆ ಹೋಗುತ್ತೇನೆ. "ರೀ, ಇವತ್ತು ರಜೆ ಅಲ್ವಾ" ಅನ್ನುತ್ತೇನೆ. "ಹೌದಾ?" ಅಂತ ಸ್ವಲ್ಪ ಹೊತ್ತು ನಿಂತು, ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚಲು ಶುರು ಮಾಡುತ್ತಾರೆ. ವಾದ ಮಾಡಿದರೆ ಕೋಪ ಜಾಸ್ತಿಯಾಗುತ್ತದೆ. ಕೋಪ ಬಂದ ದಿನ ನಾನು ಎರಡು ಹೆಜ್ಜೆ ಹಿಂದೆ ಸರಿದು, ಬೇಕಾದರೆ ನಾನು ಹೊರಗೆ ಹೋಗಲು ದಾರಿ ಬಿಟ್ಟುಕೊಂಡು ನಿಲ್ಲುತ್ತೇನೆ, ಫೋನ್ ಕೈಯಲ್ಲೇ ಇರುತ್ತದೆ.

ಹಾಕಿಸುವಾಗ ಒಂದು ಮಾತು. ಕಣ್ಣಿನ ಎತ್ತರಕ್ಕೆ ಹಾಕಿದ್ದೆವು, ಮೂರನೇ ದಿನ ಸೆನ್ಸರ್ ಅವರ ಜೇಬಿನಲ್ಲಿತ್ತು. ಬಾಗಿಲ ಮೇಲ್ತುದಿಗೆ ಹಾಕಿ. ಟೇಪ್ ನಂಬಬೇಡಿ, ಸ್ಕ್ರೂ ಹಾಕಿಸಿ. ಎರಡು ತುಂಡುಗಳ ನಡುವೆ ಅಂತರ ಜಾಸ್ತಿಯಾದರೆ ಬಾಗಿಲು ಮುಚ್ಚಿದ್ದರೂ ಸುಮ್ನೆ ನಡುಗುತ್ತಿರುತ್ತದೆ. ಇದೆಲ್ಲ ಯಾಕೆ, ಹೊರಗಿನಿಂದ ಬೀಗ ಹಾಕಿದರೆ ಆಯ್ತಲ್ಲ ಅಂತ ಹೇಳಿದವರೂ ಇದ್ದಾರೆ. ಒಬ್ಬರನ್ನೇ ಒಳಗೆ ಬಿಟ್ಟು ಬೀಗ ಹಾಕಬೇಡಿ. ಬೆಂಕಿ ಹತ್ತಿದರೆ ಹೊರಗೆ ಬರುವುದು ಹೇಗೆ?

ಇದನ್ನು ತರುವ ಮೊದಲು ಡಾಕ್ಟರು ನನಗೆ ಜರಿಟ್ ಅನ್ನುವ ಪ್ರಶ್ನಾವಳಿ ಕೊಟ್ಟಿದ್ದರು, ನೋಡಿಕೊಳ್ಳುವವರ ಮೇಲೆ ಎಷ್ಟು ಭಾರ ಬಿದ್ದಿದೆ ಅಂತ ಅಳೆಯಲು. 22 ಪ್ರಶ್ನೆ, ಒಟ್ಟು 88 ಅಂಕ, ಅಂಕ ಜಾಸ್ತಿ ಆದಷ್ಟೂ ಭಾರ ಜಾಸ್ತಿ. ನನಗೆ ಬಂದದ್ದು 58. ನಿಮಗೆ ಅಂತ ಸಮಯ ಸಿಗುತ್ತಿಲ್ಲ ಅನ್ನಿಸುತ್ತದಾ ಅನ್ನುವ ಪ್ರಶ್ನೆ ಓದಿ ಅಲ್ಲೇ ಅತ್ತುಬಿಟ್ಟೆ. ಹೋದ ತಿಂಗಳು ಮತ್ತೆ ತುಂಬಿದಾಗ 41. ಎಲ್ಲಾ ಈ ಪೇಜರ್‌ನಿಂದ ಅಲ್ಲ, ವಾರಕ್ಕೆ ಎರಡು ಮಧ್ಯಾಹ್ನ ನಾದಿನಿ ಬಂದು ಅವರ ಜೊತೆ ಕೂರುತ್ತಾಳೆ, ನಾನು ಸ್ವಲ್ಪ ದೂರ ನಡೆದು ಬರುತ್ತೇನೆ. ಆದರೆ ಒಂದೇ ಸಮ ಐದು ಗಂಟೆ ನಿದ್ದೆ ಸಿಗುತ್ತಿರುವುದು ಇದರಿಂದಲೇ.

ಐದಕ್ಕೆ ನಾಲ್ಕು ಸ್ಟಾರ್. ಅವರು ಹೊರಗೆ ಹೋಗಿಯೇಬಿಟ್ಟರೆ ಎಲ್ಲಿದ್ದಾರೆ ಅಂತ ಇದು ಹೇಳುವುದಿಲ್ಲ, ಅದಕ್ಕೆ ಅಂಗಿ ಜೇಬಲ್ಲಿ ಹೆಸರು, ಫೋನ್ ನಂಬರ್ ಬರೆದ ಚೀಟಿ ಇಟ್ಟಿದ್ದೇನೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಬ್ಯಾಟರಿಗೆ. ಮುಗಿಯುವ ಮೊದಲು ಯಾವ ಸೂಚನೆಯನ್ನೂ ಕೊಡುವುದಿಲ್ಲ. ಹಾಗಾಗಿ ಪ್ರತಿ ತಿಂಗಳು ಒಂದನೇ ತಾರೀಖು ನಾನೇ ಎರಡೂ ಬಾಗಿಲು ತೆರೆದು, ಪೇಜರ್ ನಡುಗುತ್ತಾ ಅಂತ ನೋಡುತ್ತೇನೆ.