ಲೇಕಾಕ್ ಮತ್ತು ಕಾಸಲ್ ಕೂಮ್: ಒಂದೇ ದಿನವಿದ್ದರೆ ಯಾವ ಹಳ್ಳಿ?

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ಒಂದು ಗಂಟೆಗೆ ತುಸು ಮೇಲ್ಪಟ್ಟ ರೈಲು ಪ್ರಯಾಣದಲ್ಲಿ ವಿಲ್ಟ್‌ಷರ್‌ನ ಚಿಪ್ಪನಮ್ ಪಟ್ಟಣ ಸಿಗುತ್ತದೆ. ಅದರ ದಕ್ಷಿಣಕ್ಕೆ ಲೇಕಾಕ್, ವಾಯವ್ಯಕ್ಕೆ ಕಾಸಲ್ ಕೂಮ್. ಎರಡೂ ಉಣ್ಣೆಯ ವ್ಯಾಪಾರದಿಂದ ಬೆಳೆದು, ಆ ವ್ಯಾಪಾರ ಕುಸಿದಾಗ ಇದ್ದಂತೆಯೇ ಉಳಿದುಕೊಂಡ ಹಳ್ಳಿಗಳು. ನಾನು ಎರಡನ್ನೂ ಬೇರೆ ಬೇರೆ ದಿನ, ಸ್ವಂತ ಕಾರಿಲ್ಲದೆ ನೋಡಿದೆ. ಲೇಕಾಕ್‌ಗೆ ತಾಯಿಯವರೂ ಜೊತೆಗಿದ್ದರು.

ಚಿತ್ರದಲ್ಲಿ ಕಾಸಲ್ ಕೂಮ್ ಗೆಲ್ಲುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಜೇನುಬಣ್ಣದ ಕಲ್ಲಿನ ಗೋಡೆ, ಕಲ್ಲುಹಲಗೆಯ ಮಾಡು, ಹದಿನಾಲ್ಕನೆಯ ಶತಮಾನದ ಸಂತೆಕಟ್ಟೆ, ಅಲ್ಲಿಂದ ಬೈ ಬ್ರೂಕ್ ಹೊಳೆಯ ಸೇತುವೆಗೆ ಇಳಿಯುವ ಒಂದೇ ಬೀದಿ. ಚರ್ಚಿನಲ್ಲಿರುವ ಹಳೆಯ ಗಡಿಯಾರಕ್ಕೆ ಮುಖವೇ ಇಲ್ಲ; ಗಂಟೆ ಬಾರಿಸಿ ಮಾತ್ರ ಹೊತ್ತು ತಿಳಿಸುತ್ತದೆ. ಆದರೆ ಇಷ್ಟನ್ನು ನೋಡಲು ಅರ್ಧ ಗಂಟೆ ಸಾಕು. ಉಳಿದ ಮನೆಗಳಲ್ಲಿ ಜನ ವಾಸವಾಗಿದ್ದಾರೆ, ಅವರ ಕಿಟಕಿಗಳ ಮುಂದೆ ಕ್ಯಾಮೆರಾ ಹಿಡಿದು ನಿಲ್ಲುವುದು ನನಗೆ ಸಂಕೋಚವೆನಿಸಿತು. ಬಸ್ಸುಗಳು ವಿರಳವಾದ್ದರಿಂದ ಟ್ಯಾಕ್ಸಿಗೆ ತೆತ್ತ ಹಣ ಬೇರೆ.

ಲೇಕಾಕ್‌ಗೆ ಬಸ್ಸಿನಲ್ಲಿ ಹೋಗಿ ಸಮತಟ್ಟಾದ ಬೀದಿಗಳಲ್ಲಿ ಇಡೀ ದಿನ ಕಳೆದೆವು. ಸಾಲಿಸ್ಬರಿಯ ಕೌಂಟೆಸ್ ಈಲಾ 1232ರಲ್ಲಿ ಸ್ಥಾಪಿಸಿದ ಸನ್ಯಾಸಿನಿಯರ ಮಠವೇ ಈ ಊರಿನ ಮೂಲ. ಒಕ್ಕಲುಗಳು ಮಠಕ್ಕೆ ಸಲ್ಲಿಸುತ್ತಿದ್ದ ಧಾನ್ಯವನ್ನು ತುಂಬಿಡುತ್ತಿದ್ದ ಕಣಜ ಇನ್ನೂ ನಿಂತಿದೆ. ಅದರ ಮರದ ತೊಲೆಗಳ ಕೆಳಗೆ ನಿಂತಾಗ ನಮ್ಮ ಗೇಣಿ ಪದ್ಧತಿಯನ್ನು ಕಂಡ ತಾಯಿಯವರಿಗೆ ಯಾವ ವಿವರಣೆಯೂ ಬೇಕಾಗಲಿಲ್ಲ. ಮಠ ಮುಂದೆ ಟಾಲ್ಬಟ್ ಮನೆತನದ ನಿವಾಸವಾಯಿತು. ಅಲ್ಲಿನ ಒಂದು ಪುಟ್ಟ ಕಿಟಕಿಯನ್ನೇ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರಲ್ಲಿ ಕಾಗದದ ಮೇಲೆ ಸೆರೆಹಿಡಿದರು. ಕ್ಯಾಮೆರಾದಿಂದ ಪಡೆದ ನೆಗೆಟಿವ್‌ಗಳಲ್ಲಿ ಇಂದಿಗೆ ಉಳಿದಿರುವ ಅತಿ ಹಳೆಯದು ಅದು. ಕಿಟಕಿ ಈಗಲೂ ಅಲ್ಲೇ ಇದೆ. 1944ರಲ್ಲಿ ಮಟಿಲ್ಡಾ ಟಾಲ್ಬಟ್ ಮಠವನ್ನೂ ಹಳ್ಳಿಯನ್ನೂ ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ದಾನ ಮಾಡಿದ್ದರಿಂದ ಇಲ್ಲಿನ ಬಹುತೇಕ ಮನೆಗಳಲ್ಲಿ ಇರುವವರು ಬಾಡಿಗೆದಾರರು. ಬೀದಿಯ ಮೇಲೆ ತಂತಿಗಳೂ ಕಾಣುವುದಿಲ್ಲ. ಹಳ್ಳಿ ಸುತ್ತಲು ಶುಲ್ಕವಿಲ್ಲ, ಮಠಕ್ಕೆ ಟಿಕೆಟ್ ಬೇಕು.

ಸುತ್ತಮುತ್ತಲಿನ ನಾಡನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮಾತ್ರ ತಕ್ಕಡಿ ಮತ್ತೆ ಕಾಸಲ್ ಕೂಮ್ ಕಡೆಗೆ ವಾಲುತ್ತದೆ. ಸೇತುವೆ ದಾಟಿ ಕಣಿವೆಯ ಕಾಲುದಾರಿ ಹಿಡಿದರೆ ಹಿಂದೆ ಗಿರಣಿಗಳಿದ್ದ ಲಾಂಗ್ ಡೀನ್ ಎಂಬ ಕೇರಿಯೂ ಅದರಾಚೆ ಫೋರ್ಡ್ ಎಂಬ ಹಳ್ಳಿಯೂ ಸಿಗುತ್ತವೆ. ಖಾಸಗಿ ಹುಲ್ಲುಗಾವಲುಗಳ ನಡುವೆಯೇ ಸಾರ್ವಜನಿಕರಿಗೆ ನಡೆಯುವ ಹಕ್ಕಿರುವ ಈ ದಾರಿಯಲ್ಲಿ ಹಳದಿ ಬಾಣದ ಗುರುತುಗಳನ್ನು ಹಿಂಬಾಲಿಸಿದರೆ ಸಾಕು. ಬೀದಿಯಲ್ಲಿದ್ದ ಜನಜಂಗುಳಿಯಲ್ಲಿ ಒಬ್ಬರೂ ಇತ್ತ ಸುಳಿಯಲಿಲ್ಲ.

ಹಿರಿಯರೊಂದಿಗೆ ಹೋಗುವವರಿಗೆ ನಾನು ಲೇಕಾಕ್ ಅನ್ನೇ ಹೇಳುತ್ತೇನೆ. ಒಂಟಿಯಾಗಿ ಮತ್ತೊಮ್ಮೆ ಹೋಗುವುದಾದರೆ ನನ್ನ ಆಯ್ಕೆ ಕಾಸಲ್ ಕೂಮ್, ಅದೂ ಕೆಸರಿಗೆ ಅಂಜದ ಬೂಟುಗಳೊಂದಿಗೆ.